ತಬಾನ್ ಮರದ ಹಾಲು

ಅಜ್ಜನಿಗೆ ಲೆಕ್ಕ ಬರುತ್ತಿರಲಿಲ್ಲ.
ಮೊಣಕಾಲಿನ ಗಾಯಗಳನ್ನು ಮುಟ್ಟಿ ಮುಟ್ಟಿ
ಇಷ್ಟು ಮರ ಕಡಿದೆ ಎನ್ನುತ್ತಿದ್ದ.
ಎಂಡಾವು ಹೊಳೆಯ ಮೇಲ್ದಂಡೆಯ ಕಾಡು.
ಅಲ್ಲಿ ತಬಾನ್ ಹುಡುಕುವುದೆಂದರೆ
ತಲೆಯೆತ್ತಿಕೊಂಡೇ ನಡೆಯುವುದು:
ಎಲೆಯ ಬೆನ್ನಿಗೆ ತಾಮ್ರದ ಬಣ್ಣ,
ಗಾಳಿ ಮಗುಚಿದಾಗ ಮಾತ್ರ ಕಾಣುತ್ತದೆ.

ಅರವತ್ತು ಅಡಿ ಎತ್ತರ. ಉರುಳಿಸಬೇಕು.
ಮೊಳಕ್ಕೊಂದು ಉಂಗುರ ಕೊರೆದು
ಚಿಪ್ಪು ಒಡ್ಡಿ ಕಾದರೆ
ಒಂದು ಮರಕ್ಕೆ ಒಂದು ತಂಬಿಗೆ ಹಾಲು.
ಅಷ್ಟೇ.
ಉಳಿದದ್ದೆಲ್ಲ ಗೆದ್ದಲಿಗೆ.

ಕೊಡಲಿ ಸಾಲದ್ದು. ಶೆಫೀಲ್ಡ್ ಎಂಬ ಊರಿನ ಉಕ್ಕು.
ದೋಣಿಯ ಸಾಹುಕಾರ ಕೊಡುವಾಗ ಹೇಳಿದನಂತೆ,
"ಮೂವತ್ತು ಕಾಟಿ ಅಂಟು ತಾ, ಕೊಡಲಿ ನಿನ್ನದು."
ಮೂವತ್ತು ತಂದಾಗ ಉಪ್ಪಿನ ಬೆಲೆ ಏರಿತ್ತು.
ಐವತ್ತು ತಂದಾಗ ಕೊಡಲಿ ಸವೆದಿತ್ತು.
"ಯಾಕಂತೆ ಅವರಿಗೆ ಇಷ್ಟೊಂದು ಅಂಟು?"
ಅಜ್ಜಿ ಕೇಳಿದ್ದಳು.
"ಯಾವುದೋ ದೊಡ್ಡ ದೋಣಿ ಸೋರುತ್ತಿರಬೇಕು."

ಅದು ಹೋದದ್ದು ಥೇಮ್ಸ್ ದಂಡೆಯ ಕಾರ್ಖಾನೆಗೆ.
ಅಲ್ಲಿ ಹೆಸ್ಟರ್ ಪ್ರೂಯೆಟ್ ಎಂಬಾಕೆ
(ಹೆಸರು ನಾನೇ ಇಟ್ಟದ್ದು, ಯಾರೋ ಒಬ್ಬಳು ಇದ್ದಿರಲೇಬೇಕು)
ಬಿಸಿನೀರಿನಲ್ಲಿ ನಮ್ಮ ಕಾಡನ್ನು
ಹಿಟ್ಟಿನ ಹಾಗೆ ನಾದುತ್ತಿದ್ದಳು, ಕೈ ಬೊಬ್ಬೆಯೆದ್ದು.
ಮಧ್ಯಾಹ್ನಕ್ಕೆ ಒಂದು ಲೋಟ ಚಹಾ.
ಎಲೆ ಒಂದು ಕಡಲಿನ ಆಚೆಯದು, ಸಕ್ಕರೆ ಇನ್ನೊಂದರ ಆಚೆಯದು.
ಅವಳು ಯಾವ ಕಡಲನ್ನೂ ನೋಡಿದವಳಲ್ಲ.

ತಾಮ್ರದ ತಂತಿಗೆ ಆ ಅಂಟು ಬಳಿದು
ಹಡಗಿನ ಹೊಟ್ಟೆಯಿಂದ ಗಾವುದ ಗಾವುದ
ಕಡಲ ತಳಕ್ಕೆ ಇಳಿಬಿಟ್ಟರು.
ತಂತಿ ನೆನೆಯಬಾರದು, ಮಾತು ಸೋರಬಾರದು.
ಅಜ್ಜ ಹೇಳಿದ್ದು ಪೂರ್ತಿ ತಪ್ಪೇನಲ್ಲ.

ಮೊದಲು ಬಂದವನು ಒಂದು ಗೋದಾಮು ಕೇಳಿದ್ದ.
ಗೋದಾಮಿಗೆ ಕಾವಲು ಬೇಕಾಯಿತು, ಕಾವಲಿಗೆ ಕೋಟೆ,
ಕೋಟೆಗೆ ಹಡಗು, ಹಡಗಿನ ಹಸಿವಿಗೆ ಕಲ್ಲಿದ್ದಲು,
ಇದ್ದಲಿಗೆ ನಡುದಾರಿಯಲ್ಲೊಂದು ಬಂದರು,
ಬಂದರಿನ ಬೆನ್ನಿಗಿದ್ದ ಗುಡ್ಡ,
ಗುಡ್ಡದೊಳಗೆ ತವರ ಇದೆಯೆಂದು ಗೊತ್ತಾದ ಮೇಲೆ
ಗುಡ್ಡದ ಆಚೆಯೂ.
ಬೆರಳು ಕೊಟ್ಟರೆ ಹಸ್ತ ನುಂಗಿದರು ಎನ್ನುತ್ತಾರೆ ಜನ.
ಹಾಗಲ್ಲ. ನುಂಗುವಾಗ
ಪ್ರತಿ ಬೆರಳಿಗೂ ರಸೀತಿ ಕೊಟ್ಟರು,
ಕೆಳಗೆ ನಮ್ಮ ಮುಖಂಡರದೇ ಹೆಬ್ಬೆಟ್ಟು.

ಗಡಿಯಾಚೆಯ ಹೊಳೆಯಲ್ಲಿ ಬಾತಿನ್ ಸೆಲಾಮ್ಪಿಟ್
ತೆರಿಗೆಗೆ ಒಲ್ಲೆ ಎಂದ ವರ್ಷ ಅದು.
ಹಿಂದೆಯಾದರೆ ಆ 'ಒಲ್ಲೆ' ಲಂಡನ್ ಮುಟ್ಟಲು
ನಾಲ್ಕು ತಿಂಗಳು. ಉತ್ತರಕ್ಕೆ ಮತ್ತೆ ನಾಲ್ಕು.
ಅಷ್ಟರಲ್ಲಿ ಭತ್ತ ಕೊಯ್ದು, ಸಿಟ್ಟು ಇಳಿದು,
ಯಾರದೋ ಮದುವೆಯಲ್ಲಿ ಎದುರುಬದುರು ಕೂತು
ಏನೋ ಒಂದು ದಾರಿ ಕಾಣುತ್ತಿತ್ತು.
ಈ ಸಲ ಉತ್ತರ ಎರಡೇ ದಿನದಲ್ಲಿ ಬಂತು.
ಮೂರನೆಯ ವಾರಕ್ಕೆ ತೋಪಿನ ಹಡಗು.

ಸದ್ದು ಕೇಳಿದಾಗ ಅಜ್ಜ ಕಾಡಿನಲ್ಲಿದ್ದ, ಕೊಡಲಿ ಎತ್ತಿ.
ಗುಡುಗಲ್ಲ ಎಂದು ತಿಳಿಯಿತಂತೆ.
ಯಾರೋ ಮರ ಉರುಳಿಸಿದರು,
ನಾನು ಎಂದೂ ಕಡಿಯದಂಥ ದೊಡ್ಡ ಮರ,
ಎಂದುಕೊಂಡನಂತೆ. ಹೊಟ್ಟೆಕಿಚ್ಚೂ ಆಯಿತಂತೆ.
ಸಂಜೆ ಹೊಳೆಯಲ್ಲಿ ಸುಟ್ಟ ಭತ್ತ ತೇಲಿ ಬಂತು.

ಆ ಮಾತು ಯಾವ ದಾರಿಯಲ್ಲಿ ಬಂತೆಂದು
ಅವನಿಗೆ ಯಾರೂ ಹೇಳಲಿಲ್ಲ.
ನಾನೂ ಹೇಳಲಿಲ್ಲ; ಶಾಲೆಯಲ್ಲಿ ಓದಿ ಬಂದ ದಿನ
ಅವನು ಬಿಸಿಲಿಗೆ ಕಾಲು ಚಾಚಿ ಕೂತಿದ್ದ.

ಮೊನ್ನೆ ಮೆರ್ಸಿಂಗಿನ ಮರಳಿನಲ್ಲಿ ಸಿಕ್ಕಿತು
ಗೇಣುದ್ದದ ತುಂಡು, ತುಕ್ಕು, ಚಿಪ್ಪು, ಪಾಚಿ.
ಮನೆಗೆ ತಂದು ಚಾಕುವಿನಿಂದ ಸೀಳಿದೆ.
ಕಾಡಿನ ವಾಸನೆ ಬರುತ್ತದೋ ಎಂದು ಮೂಸಿದೆ.
ಬರಲಿಲ್ಲ. ಉಪ್ಪು.
ಕುದಿಯುವ ನೀರಿಗೆ ಹಾಕಿದೆ. ಮೆತ್ತಗಾಯಿತು,
ಇಷ್ಟು ವರ್ಷದ ಮೇಲೂ.
ಸುಮ್ಮನೆ ಹೆಬ್ಬೆರಳು ಒತ್ತಿದೆ.
ಆರಿದ ಮೇಲೆ ನೋಡಿದರೆ
ಗುರುತು ಹಾಗೇ ಇದೆ.